ಫಲಕವಿರುವ ದಾರಿ, ಫಲಕವಿಲ್ಲದ ದಾರಿ

(ಲ್ಯಾನ್‌ಹ್ಯಾಮಿನಲ್ಲಿ ಸೇರಿದ್ದ ಕನ್ನಡ ಓದುಗರ ಕೂಟದಲ್ಲಿ ‘ಪ್ರವಾಸ ಮತ್ತು ನೆನಪು’ ಎಂಬ ವಿಷಯದ ಮೇಲೆ ಮಾಡಿದ ಭಾಷಣದ ಲಿಖಿತ ರೂಪ)



ಪ್ರವಾಸದ ಬಗ್ಗೆ ಮಾತನಾಡಬೇಕೆಂದು ಸಂಘಟಕರು ಕೇಳಿದಾಗ ನಾನು ಹಿಂಜರಿದೆ. ನಾನು ದೊಡ್ಡ ಪ್ರವಾಸಿಯಲ್ಲ. ವಾರವಿಡೀ ವಿಶ್ವವಿದ್ಯಾಲಯದ ಕೋಣೆಯೊಂದರಲ್ಲಿ ಅಂಕಿ ಅಂಶಗಳ ಮುಂದೆ ಕುಳಿತು, ಶನಿವಾರ ಭಾನುವಾರ ಸೈಕಲ್ ತುಳಿಯುವವಳು. ಆದ್ದರಿಂದ ನಾನು ತುಳಿದ ಎರಡು ದಾರಿಗಳ ಬಗ್ಗೆ ಮಾತ್ರ ಹೇಳುತ್ತೇನೆ. ಒಂದು ಈ ಮೇರಿಲ್ಯಾಂಡಿನದು. ಇನ್ನೊಂದು ನಾನು ಹುಟ್ಟಿ ಬೆಳೆದ ಉತ್ತರ ಕನ್ನಡದ್ದು. ಎರಡೂ ಕಡೆ ಸಮುದ್ರವಿದೆ, ಕಾಡಿದೆ. ಎರಡೂ ಕಾಡುಗಳಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡ ಆಫ್ರಿಕಾ ಮೂಲದ ಜನ ಅಡಗಿ ಬದುಕಿದ್ದಾರೆ. ಒಂದು ದಾರಿಯಲ್ಲಿ ಅದನ್ನು ಹೇಳುವ ಫಲಕಗಳಿವೆ. ಇನ್ನೊಂದರಲ್ಲಿ ಇಲ್ಲ.

ಲ್ಯಾನ್‌ಹ್ಯಾಮ್ ಎಂದರೆ ನಮ್ಮವರಿಗೆ ಶಿವ–ವಿಷ್ಣು ದೇವಾಲಯದ ಊರು. ದೇವಾಲಯದಿಂದ ಕೆಲವೇ ಮೈಲಿಗಳಲ್ಲಿ, ಆನಾಪೊಲಿಸ್ ರಸ್ತೆಯ ಬದಿಯಿಂದ, ವಾಷಿಂಗ್ಟನ್–ಬಾಲ್ಟಿಮೋರ್–ಆನಾಪೊಲಿಸ್ ಎಂಬ ಹೆಸರಿನ ಸೈಕಲ್ ಹಾದಿ ಹೊರಡುತ್ತದೆ. 1908ರಿಂದ 1935ರವರೆಗೆ ಅಲ್ಲಿ ವಿದ್ಯುತ್ ರೈಲು ಓಡುತ್ತಿತ್ತು. ಆ ರೈಲಿನ ಜಾಡಿಗೆ ಈಗ ಡಾಂಬರು ಹಾಕಿದ್ದಾರೆ. ಏರಿಳಿತ ಕಡಿಮೆ, ಎರಡೂ ಬದಿ ಮರಗಳು. ಹೊಸದಾಗಿ ಸೈಕಲ್ ಕಲಿಯುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು. ಹಲವು ವರ್ಷ ನಾನೂ ಅದನ್ನು ಹಾಗೆಯೇ ನೋಡಿದೆ. ಈ ಪ್ರಿನ್ಸ್ ಜಾರ್ಜಸ್ ಕೌಂಟಿಯ ನೆಲ ತಂಬಾಕಿನ ನೆಲವಾಗಿತ್ತು. 1860ರ ಜನಗಣತಿಯಲ್ಲಿ ಇಲ್ಲಿನ ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಗುಲಾಮರಾಗಿದ್ದರು. ಇದನ್ನು ತಿಳಿದ ಮೇಲೆ ಮರಗಳ ಆಚೆಗಿನ ಬಯಲುಗಳು ಮೊದಲಿನಂತೆ ಕಾಣಲಿಲ್ಲ. ಇನ್ನೂ ದೂರ ಹೋಗಿ ನೋಡಬೇಕೆನಿಸಿತು.

ದೂರ ಹೋಗಬೇಕೆಂದರೆ ಚೆಸಪೀಕ್ ಕೊಲ್ಲಿಯನ್ನು ದಾಟಬೇಕು. 1952ರಲ್ಲಿ ತೆರೆದ ಆ ಉದ್ದನೆಯ ಸೇತುವೆಯ ಮೇಲೆ ಸೈಕಲ್ಲಿಗೂ ಕಾಲ್ನಡಿಗೆಯವರಿಗೂ ಪ್ರವೇಶವಿಲ್ಲ. ಸೈಕಲ್ಲನ್ನು ಕಾರಿನ ಬೆನ್ನಿಗೆ ಕಟ್ಟಿಕೊಂಡು ದಾಟಿ, ದಕ್ಷಿಣಕ್ಕೆ ತಿರುಗಿದರೆ ಚಾಪ್‌ಟ್ಯಾಂಕ್ ನದಿಯ ದಡದ ಕೇಂಬ್ರಿಡ್ಜ್ ಸಿಗುತ್ತದೆ. ಡಾರ್ಚೆಸ್ಟರ್ ಕೌಂಟಿಯ ಮುಖ್ಯ ಪಟ್ಟಣ. ನನ್ನ ಸವಾರಿ ಅಲ್ಲಿಂದ ಆರಂಭ.

ದಾರಿಯನ್ನು ಹೇಳಿಬಿಡುತ್ತೇನೆ, ನಿಮ್ಮಲ್ಲಿ ಯಾರಾದರೂ ಹೋಗುವುದಿದ್ದರೆ ಉಪಯೋಗವಾದೀತು. ಕೇಂಬ್ರಿಡ್ಜಿನಿಂದ 16ನೇ ನಂಬರಿನ ರಸ್ತೆಯಲ್ಲಿ ಚರ್ಚ್ ಕ್ರೀಕ್, ಅಲ್ಲಿಂದ ಪಶ್ಚಿಮಕ್ಕೆ ಮ್ಯಾಡಿಸನ್, ಇನ್ನೂ ಮುಂದೆ ಪಾರ್ಸನ್ಸ್ ಕ್ರೀಕ್. ಅದೇ ದಾರಿಯಲ್ಲಿ ಚರ್ಚ್ ಕ್ರೀಕಿಗೆ ಮರಳಿ, 335ನೇ ರಸ್ತೆ ಹಿಡಿದು ದಕ್ಷಿಣಕ್ಕೆ ಹೋದರೆ ಬ್ಲ್ಯಾಕ್‌ವಾಟರ್ ವನ್ಯಜೀವಿಧಾಮ, ಅಲ್ಲಿಂದ ಕೀ ವಾಲೇಸ್ ರಸ್ತೆಯಲ್ಲಿ ಬಕ್‌ಟೌನ್, ಮತ್ತೆ ಕೇಂಬ್ರಿಡ್ಜ್. ಎಲ್ಲ ಸೇರಿ ಎಪ್ಪತ್ತು ಕಿಲೋಮೀಟರಿನ ಆಸುಪಾಸು. ಏರು ಎಂಬುದೇ ಇಲ್ಲ. ಆದರೆ ಹಗುರವಾದ ದಾರಿ ಎಂದುಕೊಳ್ಳಬೇಡಿ. ಕೊಲ್ಲಿಯ ಕಡೆಯಿಂದ ಬೀಸುವ ಎದುರುಗಾಳಿ ಯಾವ ಘಟ್ಟಕ್ಕೂ ಕಡಿಮೆಯಿಲ್ಲ. ಬೇಸಿಗೆಯಲ್ಲಿ ನಿಂತರೆ ಸೊಳ್ಳೆ ಮತ್ತು ನೊಣಗಳು ಬಿಡುವುದಿಲ್ಲ.

ಕುಮಟಾ, ಅಂಕೋಲೆಗಳ ಗಜನಿ ಭೂಮಿಯನ್ನು ಕಂಡವರಿಗೆ ಈ ನೆಲದ ಗುರುತು ಕೂಡಲೇ ಸಿಗುತ್ತದೆ. ಸಿಹಿನೀರು ಎಲ್ಲಿ ಮುಗಿಯಿತು, ಉಪ್ಪುನೀರು ಎಲ್ಲಿ ಆರಂಭವಾಯಿತು ಎಂದು ಹೇಳಲಾಗದ ಜೌಗು. ನಡುನಡುವೆ ಲಾಬ್ಲಾಲಿ ಪೈನ್ ಮರಗಳ ತೋಪುಗಳು. 1933ರಲ್ಲಿ ವನ್ಯಜೀವಿಧಾಮ ಸ್ಥಾಪನೆಯಾದ ನಂತರ ಅಲ್ಲಿನ ಸಾವಿರಾರು ಎಕರೆ ಜೌಗುನೆಲ ತೆರೆದ ನೀರಾಗಿ ಹೋಗಿದೆ. ಸಮುದ್ರ ಏರುತ್ತಿದೆ, ನೆಲ ಕುಸಿಯುತ್ತಿದೆ. ಬೇರಿಗೆ ಉಪ್ಪು ತಾಗಿದ ಪೈನ್ ಮರಗಳು ನಿಂತಲ್ಲೇ ಸತ್ತು ಬಿಳಿಚಿಕೊಂಡಿವೆ. ಅವನ್ನು ಇಲ್ಲಿ ಭೂತಕಾಡು ಎನ್ನುತ್ತಾರೆ.

ಹ್ಯಾರಿಯೆಟ್ ಟಬ್ಮನ್ ಈ ನೆಲದ ಮಗಳು. ಸುಮಾರು 1822ರಲ್ಲಿ ಗುಲಾಮ ದಂಪತಿಗಳಿಗೆ ಹುಟ್ಟಿದವಳು, ಆಗಿನ ಹೆಸರು ಅರಮಿಂಟಾ ರಾಸ್. ಮಗುವಾಗಿದ್ದಾಗಲೇ ಚಳಿಗಾಲದ ಜೌಗುನೀರಿಗಿಳಿದು ಮಸ್ಕ್‌ರ‍್ಯಾಟ್ ಹಿಡಿಯುವ ಬೋನುಗಳನ್ನು ನೋಡಿಕೊಂಡವಳು. ಬಕ್‌ಟೌನಿನ ಅಂಗಡಿಯೊಂದರಲ್ಲಿ, ತಪ್ಪಿಸಿಕೊಳ್ಳುತ್ತಿದ್ದ ಬೇರೊಬ್ಬನತ್ತ ಮೇಲ್ವಿಚಾರಕ ಎಸೆದ ತೂಕದ ಕಬ್ಬಿಣ ಅವಳ ತಲೆಗೆ ಬಡಿಯಿತು; ಆ ಗಾಯ ಬದುಕಿನುದ್ದಕ್ಕೂ ಅವಳನ್ನು ಬಿಡಲಿಲ್ಲ. 1849ರಲ್ಲಿ ಅವಳು ತಪ್ಪಿಸಿಕೊಂಡಳು. ಆಮೇಲೆ ಸುಮಾರು 13 ಸಲ ಮರಳಿ ಬಂದು ಎಪ್ಪತ್ತರಷ್ಟು ಜನರನ್ನು ಕರೆದೊಯ್ದಳು. ಇದು ಈ ದೇಶದ ಶಾಲಾ ಮಕ್ಕಳಿಗೂ ಗೊತ್ತಿರುವ ಕತೆ.

ಸೈಕಲ್ ಮೇಲೆ ಹೋದಾಗ ನನಗೆ ಅರ್ಥವಾದದ್ದು ಇನ್ನೊಂದು ಸಂಗತಿ. ಅವಳ ತಂದೆ ಬೆನ್ ರಾಸ್ ಮರದ ಪಾರಖಿ. ಯಾವ ಮರ ಕಡಿಯಬೇಕು, ಯಾವುದು ಬಾಲ್ಟಿಮೋರಿನ ಹಡಗುಕಟ್ಟೆಗೆ ಹೋಗಬೇಕು ಎಂದು ನಿರ್ಧರಿಸುವ ಕೆಲಸ. ಅವಳೂ ಅಪ್ಪನ ಜೊತೆ ಮರದ ಕೆಲಸ ಮಾಡಿದಳು. ಮರ ಸಾಗಿಸುವ ದೋಣಿಗಳಲ್ಲಿ ಕಪ್ಪು ನಾವಿಕರಿದ್ದರು, ಅವರ ಬಾಯಿಂದ ಬಾಯಿಗೆ ಉತ್ತರದ ಸುದ್ದಿ ಬರುತ್ತಿತ್ತು. ಪಾರ್ಸನ್ಸ್ ಕ್ರೀಕಿನ ಬಳಿ ರಸ್ತೆಯಿಂದಲೇ ಕಾಣುವ ಸ್ಟುವರ್ಟ್ ಕಾಲುವೆಯನ್ನು ಮರ ಸಾಗಿಸಲೆಂದು 1810ರಿಂದ 1832ರವರೆಗೆ ತೋಡಿದವರು ಗುಲಾಮರು ಮತ್ತು ಸ್ವತಂತ್ರ ಕಪ್ಪು ಜನ, ಮಂಡಿಯುದ್ದದ ಕೆಸರಿನಲ್ಲಿ ನಿಂತು. ಅಂದರೆ ನಾವು ‘ಸುಂದರ ನೋಟ’ ಎಂದು ಫೋಟೋ ತೆಗೆಯುವ ಕಾಡೂ ಕಾಲುವೆಯೂ ಅವರಿಗೆ ದುಡಿಮೆಯ ಜಾಗ, ಪಾಠಶಾಲೆ, ಕೊನೆಗೆ ತಪ್ಪಿಸಿಕೊಳ್ಳುವ ನಕ್ಷೆ. ದುಡಿದು ದುಡಿದು ತಿಳಿದ ಕಾಡು ಆಗಿದ್ದರಿಂದಲೇ ಅದು ಕತ್ತಲಲ್ಲಿ ಅವರನ್ನು ಕಾಪಾಡಿತು.

ಈ ಚರಿತ್ರೆ ನಮಗೆ ಹೇಗೆ ಸಿಕ್ಕಿತು? ಹೆಚ್ಚಿನ ಪಾಲು ಒಡೆಯರ ಕಾಗದಗಳಿಂದ. ಅವಳ ಒಡತಿ ಎಲೈಜಾ ಬ್ರೋಡೆಸ್ 1849ರ ಅಕ್ಟೋಬರಿನಲ್ಲಿ ಕೊಟ್ಟ ಜಾಹೀರಾತೊಂದಿದೆ. ಓಡಿಹೋದ ಮಿಂಟಿ ಮತ್ತು ಅವಳ ಇಬ್ಬರು ಸಹೋದರರ ವಯಸ್ಸು, ಮೈಬಣ್ಣ, ಹಿಡಿದುಕೊಟ್ಟವರಿಗೆ ಸಿಗುವ ಡಾಲರು. ಒಡೆಯನೊಬ್ಬನ ಉಯಿಲಿನಲ್ಲಿ ಬೆನ್ ರಾಸ್‌ಗೆ ಬಿಡುಗಡೆ ಮತ್ತು ಹತ್ತು ಎಕರೆ ನೆಲದ ಮಾತಿದೆ. ಆ ಹತ್ತು ಎಕರೆಯಲ್ಲಿ ಅವನ ಮನೆ ಎಲ್ಲಿತ್ತೆಂದು ಪುರಾತತ್ತ್ವಜ್ಞರು ಹುಡುಕಿ 2021ರಲ್ಲಿ ಪ್ರಕಟಿಸಿದರು. ಅವರಿಗೆ ದೊರೆತ ವಸ್ತುಗಳಲ್ಲಿ 1808ರ ನಾಣ್ಯವೊಂದಿತ್ತು. ನೀರು ಏರುತ್ತಿರುವ ಆ ನೆಲದಲ್ಲಿ ಅವರಿಗೆ ಅವಸರವಿತ್ತು. ತಡಮಾಡಿದರೆ ಸಾಕ್ಷಿ ಮುಳುಗುತ್ತದೆ.

ಫಲಕಗಳಿದ್ದ ಮಾತ್ರಕ್ಕೆ ನ್ಯಾಯವಾಯಿತು ಎಂದು ನಾನು ಹೇಳುತ್ತಿಲ್ಲ. ಕೇಂಬ್ರಿಡ್ಜಿನ ರೇಸ್ ಸ್ಟ್ರೀಟ್ ಒಂದು ಕಾಲದಲ್ಲಿ ಕಪ್ಪು ಮತ್ತು ಬಿಳಿಯ ಕೇರಿಗಳ ನಡುವಣ ಗಡಿ. 1963ರಲ್ಲಿ ಗ್ಲೋರಿಯಾ ರಿಚರ್ಡ್‌ಸನ್ ನೇತೃತ್ವದಲ್ಲಿ ವಸತಿ, ಉದ್ಯೋಗ, ಶಾಲೆಗಾಗಿ ಹೋರಾಟ ನಡೆದಾಗ ಊರಿಗೆ ನ್ಯಾಷನಲ್ ಗಾರ್ಡ್ ಪಡೆ ಬಂತು. ಅದೇ ಬೀದಿಯ ಗೋಡೆಯ ಮೇಲೆ 2019ರಿಂದ ಟಬ್ಮನ್ ಕೈ ಚಾಚಿ ನಿಂತಿರುವ ಚಿತ್ರವಿದೆ. ಪ್ರವಾಸಿಗಳು ಆ ಕೈಗೆ ಕೈ ಇಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ಚಿತ್ರ ಬರೆಸಿದ ವರ್ಷದ ಮರುವರ್ಷವೇ, 2020ರ ಫೆಬ್ರವರಿ 23ರಂದು, ಜಾರ್ಜಿಯಾದ ಕರಾವಳಿಯ ಬ್ರನ್ಸ್‌ವಿಕ್ ಬಳಿ ರಸ್ತೆಯಲ್ಲಿ ಓಡುತ್ತಿದ್ದ 25 ವರ್ಷದ ಅಹ್ಮದ್ ಆರ್ಬರಿಯನ್ನು ಅಟ್ಟಿಸಿಕೊಂಡು ಹೋಗಿ ಕೊಂದರು. ಹಳ್ಳಿಯ ದಾರಿಯಲ್ಲಿ ಕಂದು ಬಣ್ಣದ ನಾನು ಒಬ್ಬಳೇ ಸೈಕಲ್ ತುಳಿಯುವಾಗ ಹಿಂದಿನಿಂದ ಪಿಕಪ್ ಗಾಡಿಯೊಂದು ನಿಧಾನವಾದರೆ ನನ್ನ ಬೆನ್ನು ಸೆಟೆಯುತ್ತದೆ. ಹೆಚ್ಚಿನ ಸಲ ಅವರು ನೀರು ಬೇಕೇ ಎಂದು ಕೇಳಿ ಮುಂದೆ ಹೋಗುತ್ತಾರೆ. ಆದರೂ ರಸ್ತೆ ಎಲ್ಲರಿಗೂ ಒಂದೇ ಅಲ್ಲ ಎಂಬುದು ಆ ಕ್ಷಣದಲ್ಲಿ ಬೆನ್ನಿಗೆ ತಿಳಿಯುತ್ತದೆ.

ಇಷ್ಟಾದರೂ ಆ ದಾರಿಯ ಪ್ರತಿ ತಿರುವಿನಲ್ಲಿ ನಿಂತು ಫಲಕ ಓದುವಾಗ ನನಗೆ ಕಣ್ಣು ತುಂಬಿ ಬಂದಿದೆ. ಹಾಗೆ ಬಂದ ಒಂದು ದಿನ, ಬಕ್‌ಟೌನಿನ ಅಂಗಡಿಯ ಮುಂದೆ ನಿಂತು ನೀರು ಕುಡಿಯುವಾಗ, ನನ್ನನ್ನೇ ನಾನು ಕೇಳಿಕೊಂಡೆ: ಇಷ್ಟು ಸುಲಭವಾಗಿ ಇಲ್ಲಿ ಅಳುವ ನಾನು, ಹುಟ್ಟೂರಿನ ದಾರಿಯಲ್ಲಿ ಒಮ್ಮೆಯಾದರೂ ಸೈಕಲ್ ನಿಲ್ಲಿಸಿದ್ದೆನೇ?

ಆ ದಾರಿಯೂ ಸೈಕಲ್ ಸವಾರರಿಗೆ ಹೇಳಿ ಮಾಡಿಸಿದಂಥದು. ಅಂಕೋಲೆಯಿಂದ ಗಂಗಾವಳಿ ನದಿಯ ಕಣಿವೆ ಹಿಡಿದು ಸುಂಕಸಾಳ, ರಾಮನಗುಳಿ. ಅರಬೈಲು ಘಟ್ಟ ಏರಿದರೆ ಯಲ್ಲಾಪುರ. ಅಲ್ಲಿಂದ ಮಂಚಿಕೇರಿ ಮೇಲಿಂದ ಶಿರಸಿ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ, ಮತ್ತೆ ಕರಾವಳಿಯ ಅಂಕೋಲೆ. ಸುತ್ತಿ ಬಂದರೆ ಸುಮಾರು 200 ಕಿಲೋಮೀಟರ್. ದೂರದ ಸವಾರಿಯ ಹವ್ಯಾಸಿಗಳಿಗೆ ಈ ಅಂಕಿ ಗೊತ್ತು: 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಿದವರಿಗೆ ಬ್ರೆವೆ ಎಂಬ ಮನ್ನಣೆ ಸಿಗುತ್ತದೆ. ಉಪ್ಪಿನ ಸತ್ಯಾಗ್ರಹದ ಅಂಕೋಲೆ, ಬೇಡ್ತಿ ಧುಮುಕುವ ಮಾಗೋಡು ಎಂದು ಈ ದಾರಿಯ ವರ್ಣನೆಯನ್ನು ಎಷ್ಟು ಬೇಕಾದರೂ ಬೆಳೆಸಬಹುದು. ಹಲವರು ಬರೆದಿದ್ದಾರೆ. ಆ ವರ್ಣನೆಗಳಲ್ಲಿ ಕಾಡು ಹಸುರು, ಘಟ್ಟ ರಮಣೀಯ, ಜನ ಮುಗ್ಧರು.

ಈ ಕಾಡಿನಲ್ಲಿ ಸಿದ್ದಿಗಳಿದ್ದಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಹಳ್ಳಿಗಳಲ್ಲಿ. ಪೂರ್ವ ಆಫ್ರಿಕಾದ ಕಡೆಯಿಂದ ಶತಮಾನಗಳ ಕಾಲ ಹಡಗಿನಲ್ಲಿ ತಂದವರ ಸಂತತಿ. ದಖನ್ನಿನ ಸುಲ್ತಾನರ ಕಾಲದಲ್ಲಿ ಹಾಗೆ ಬಂದ ಮಲಿಕ್ ಅಂಬರನಂಥವರು ರಾಜ್ಯವನ್ನೇ ಆಳಿದರು. ಆದರೆ ನಮ್ಮ ಕಾಡಿನ ಸಿದ್ದಿಗಳ ಹಿರಿಯರಲ್ಲಿ ಹಲವರು ಪೋರ್ಚುಗೀಸರ ಗೋವೆಯಿಂದ ತಪ್ಪಿಸಿಕೊಂಡು ಗಡಿ ದಾಟಿ ಘಟ್ಟದ ಕಾಡು ಹೊಕ್ಕವರು. ಡಾರ್ಚೆಸ್ಟರಿನ ಜನ ಉತ್ತರಕ್ಕೆ ಓಡಿದಂತೆ ಇವರು ದಕ್ಷಿಣಕ್ಕೆ ಓಡಿದರು. ಇಂದು ಅವರಲ್ಲಿ ಹಿಂದೂಗಳು, ಕ್ರೈಸ್ತರು, ಮುಸಲ್ಮಾನರು ಇದ್ದಾರೆ. ಹಳೆಯ ಸೀರೆ ಪಂಚೆಗಳ ತುಂಡುಗಳಿಂದ ಅವರ ಹೆಂಗಸರು ಹೊಲಿಯುವ ಕೌದಿಗಳು ಈಗ ವಿದೇಶದ ಪ್ರದರ್ಶನಗಳವರೆಗೂ ಬಂದಿವೆ.

ನಾವು ಅವರನ್ನು ಆಗಾಗ ‘ಕಂಡುಹಿಡಿದಿದ್ದೇವೆ’. 1980ರ ದಶಕದಲ್ಲಿ ಮಂಚಿಕೇರಿಯ ಸಿದ್ದಿಗಳು ಚಿದಂಬರರಾವ್ ಜಂಬೆಯವರ ನಿರ್ದೇಶನದಲ್ಲಿ ಚಿನುವಾ ಅಚಿಬೆಯ ಕಾದಂಬರಿಯನ್ನು ‘ಕಪ್ಪು ಜನ ಕೆಂಪು ನೆರಳು’ ಎಂಬ ನಾಟಕವಾಗಿ ಆಡಿದರು. ಕನ್ನಡ ರಂಗಭೂಮಿಯ ಹೆಮ್ಮೆಯ ಸಂಗತಿಗಳಲ್ಲಿ ಅದೊಂದು. ಅದೇ ದಶಕದ ಕೊನೆಗೆ ಕೇಂದ್ರದ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಓಟಕ್ಕೆಂದು ಆರಿಸಿ ತರಬೇತಿ ಕೊಟ್ಟಿತು, ಆಫ್ರಿಕಾದ ಮೈಕಟ್ಟು ಪದಕ ತರುತ್ತದೆ ಎಂಬ ಲೆಕ್ಕದಲ್ಲಿ. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಮಕ್ಕಳು ಕೂಲಿಗೆ ಮರಳಿದರು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಅವರಲ್ಲಿ ಒಬ್ಬರು, ಶಾಂತಾರಾಮ ಸಿದ್ದಿಯವರು, ವಿಧಾನ ಪರಿಷತ್ತಿಗೆ ನಾಮಕರಣಗೊಂಡದ್ದು 2020ರಲ್ಲಿ.

ಇನ್ನು ನನ್ನ ಮಾತು. ನಮ್ಮದು ಯಲ್ಲಾಪುರದ ಕಡೆಯ ಬ್ರಾಹ್ಮಣ ಮನೆ, ಅಡಿಕೆ ತೋಟ. ತೋಟದ ಕೆಲಸಕ್ಕೆ ಒಂದು ಸಿದ್ದಿ ಕುಟುಂಬ ತಲೆಮಾರುಗಳಿಂದ ಬರುತ್ತಿತ್ತು. ನನಗೆ ಸೈಕಲ್ ಕಲಿಸಿದವರು ಆ ಕುಟುಂಬದ ಹಿರಿಯರು. ಅವರ ಹೆಸರನ್ನು ನಾನಿಲ್ಲಿ ಹೇಳುವುದಿಲ್ಲ, ಅವರನ್ನು ಕೇಳಿ ಬಂದಿಲ್ಲ. ಅಪ್ಪನ ದೊಡ್ಡ ಸೈಕಲ್ಲಿನಲ್ಲಿ ಒಳಪೆಡಲು ತುಳಿಯುವ ಹತ್ತು ವರ್ಷದ ಹುಡುಗಿಯ ಹಿಂದೆ, ಕ್ಯಾರಿಯರ್ ಹಿಡಿದು, ಅಂಗಳದಿಂದ ಗದ್ದೆಯ ಅಂಚಿನವರೆಗೆ ಅವರು ಓಡಿದರು. ನಾಲ್ಕನೆಯ ದಿನ ಅವರು ಕೈ ಬಿಟ್ಟದ್ದು ನನಗೆ ಗೊತ್ತೇ ಆಗಲಿಲ್ಲ. ತಿರುಗಿ ನೋಡಿದಾಗ ದೂರದಲ್ಲಿ ನಿಂತು ನಗುತ್ತಿದ್ದರು. ಸಂಜೆ ಅಜ್ಜಿ ಸೈಕಲ್ಲಿಗೆ ನೀರು ಚಿಮುಕಿಸಿ ಒಳಗಿಟ್ಟುಕೊಂಡಳು. ಅವರಿಗೆ ಚಹ ಕೊಟ್ಟದ್ದು ಹಿತ್ತಲ ಮೆಟ್ಟಿಲಲ್ಲಿ, ಬೇರೆ ಲೋಟದಲ್ಲಿ. ನನ್ನ ಅಪ್ಪನ ವಯಸ್ಸಿನ ಅವರನ್ನು ನಾನು ‘ನೀನು’ ಎನ್ನುತ್ತಿದ್ದೆ. ಅವರು ನನ್ನನ್ನು ‘ಸಣ್ಣಮ್ಮಾ’ ಎನ್ನುತ್ತಿದ್ದರು. ಇದರಲ್ಲಿ ಏನೋ ತಪ್ಪಿದೆ ಎಂದು ನನಗೆ ಅನ್ನಿಸಲು ಬಹಳ ವರ್ಷ, ಬಹಳ ಪುಸ್ತಕ, ಒಂದು ಸಮುದ್ರ ಬೇಕಾಯಿತು.

ಕಳೆದ ಸಲ ಊರಿಗೆ ಹೋದಾಗ ಬಾಡಿಗೆಯ ಸೈಕಲ್ಲಿನಲ್ಲಿ ಅರಬೈಲು ಘಟ್ಟ ಹತ್ತಿ, ಮನೆಗೆ ಹೋಗುವ ಮೊದಲು ಅವರ ಮನೆಗೆ ಹೋದೆ. ಅವರ ಮನೆ ಇರುವುದು ನಮ್ಮ ತೋಟಕ್ಕೆ ಸೇರಿದ ಸೊಪ್ಪಿನಬೆಟ್ಟದ ಅಂಚಿನಲ್ಲಿ. ‘ಹೇಗಿದ್ದೀರಿ?’ ಎಂದೆ. ಅವರು ಸುತ್ತ ನೋಡಿದರು, ನಾನು ಬೇರೆ ಯಾರನ್ನೋ ಮಾತನಾಡಿಸುತ್ತಿರುವೆನೆಂದು. ಅವರಿಗೆ ಮುಜುಗರವಾಯಿತು, ನನಗೂ. ಚಹ ಕುಡಿಯುತ್ತಾ, ನಿಮ್ಮ ಹಿರಿಯರು ಎಲ್ಲಿಂದ ಬಂದರು, ಯಾವಾಗ ಬಂದರು ಎಂದು ಕೇಳಿದೆ. ಸಂಶೋಧಕಿಯ ಪ್ರಶ್ನೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ‘ನನಗೇನು ಗೊತ್ತು ಸಣ್ಣಮ್ಮಾ. ನಿಮ್ಮ ಅಜ್ಜನ ಲೆಕ್ಕದ ಪುಸ್ತಕದಲ್ಲಿ ನಮ್ಮಪ್ಪ, ನಮ್ಮಜ್ಜ ಎಲ್ಲ ಇದ್ದಾರಲ್ಲ.’ ಆ ಮಾತಿನಲ್ಲಿ ಕಹಿ ಇತ್ತೋ ಇಲ್ಲವೋ ನನಗೆ ಈಗಲೂ ತಿಳಿಯದು.

ಅವರ ಮಗಳು ಅಲ್ಲಿದ್ದಳು. ಸರ್ಕಾರ 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿದಾಗ ಪಡೆದ ಮೊದಲ ಹುಡುಗಿಯರಲ್ಲಿ ಅವಳೂ ಒಬ್ಬಳು. ಆ ಸೈಕಲ್ಲಿನಲ್ಲಿ ಹೈಸ್ಕೂಲು ಮುಗಿಸಿ ಪದವಿಯವರೆಗೆ ಓದಿದವಳು. ಅವಳು ಕೇಳಿದ್ದು ನೇರವಾದ ಪ್ರಶ್ನೆ: ‘ಅಕ್ಕಾ, ಆ ಪುಸ್ತಕದಲ್ಲಿ ನಮ್ಮ ಮನೆ ಎಲ್ಲಿತ್ತು ಅಂತ ಬರೆದಿದೆಯಾ?’ ಅವಳಿಗೆ ಅದು ಏಕೆ ಬೇಕೆಂದು ನನಗೆ ಗೊತ್ತಿತ್ತು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಆ ನೆಲದಲ್ಲಿ ಇದ್ದೇವೆಂದು ತೋರಿಸಬೇಕು. ಕಾಡಿಗೆ ಅಡಗಲು ಬಂದವರ ಮೊಮ್ಮಕ್ಕಳು ತಾವು ಅಲ್ಲಿದ್ದೆವೆಂದು ಕಾಗದದಲ್ಲಿ ಸಾಬೀತುಮಾಡಬೇಕು.

ಪುಸ್ತಕ ಅಟ್ಟದಲ್ಲಿತ್ತು. ಖಾತೆ–ಕಿರ್ದಿಯ ಉದ್ದನೆಯ ಪುಸ್ತಕಗಳು, ಐದು. ಅಕ್ಕಿ ಇಷ್ಟು ಕೊಳಗ, ಸೀರೆ ಒಂದು, ಮದುವೆಗೆ ಇಷ್ಟು ರೂಪಾಯಿ, ಬಡ್ಡಿ ಇಷ್ಟು. ಮೂರು ತಲೆಮಾರಿನ ಹೆಸರುಗಳು, ಪ್ರತಿ ಹೆಸರಿನ ಮುಂದೆ ‘ಬೆಟ್ಟದ ಮನೆ’ ಎಂಬ ಗುರುತು. ಜೀತ ಪದ್ಧತಿಯನ್ನೂ ಜೀತದ ಸಾಲಗಳನ್ನೂ ರದ್ದುಪಡಿಸಿದ ಕಾಯ್ದೆ ಬಂದದ್ದು 1976ರಲ್ಲಿ. ನಮ್ಮ ಮನೆಯ ಪುಸ್ತಕದಲ್ಲಿ ಬಡ್ಡಿ 1980ರ ನಂತರವೂ ಬೆಳೆದಿದೆ. ಆ ಪುಟಗಳ ಅಕ್ಷರ ನನ್ನ ಅಪ್ಪನದು. ಅಪ್ಪ ಒಳ್ಳೆಯ ಮನುಷ್ಯ ಎಂದು ಊರು ಇಂದಿಗೂ ಹೇಳುತ್ತದೆ, ನಾನೂ ಹೇಳುತ್ತೇನೆ. ನನ್ನ ಕಾಲೇಜಿನ ಫೀಸು ಅದೇ ತೋಟದಿಂದ ಬಂತು. ಬ್ರೋಡೆಸ್ ಮನೆತನದ ಕಾಗದಗಳನ್ನು ಗಾಜಿನ ಹಿಂದೆ ಇಟ್ಟು ನೋಡುವುದು ಎಷ್ಟು ಸುಲಭವಾಗಿತ್ತು!

ನಾನು ಪ್ರತಿ ಪುಟದ ಫೋಟೋ ತೆಗೆದುಕೊಂಡೆ. ಅಣ್ಣನಿಗೆ ಹೇಳಿದೆ. ಅವನು ಕೂಗಾಡಲಿಲ್ಲ. ‘ನೀನು ನಾಳೆ ವಿಮಾನ ಹತ್ತುತ್ತೀಯ. ಸೊಪ್ಪಿನಬೆಟ್ಟ ಹೋದರೆ ತೋಟಕ್ಕೆ ಸೊಪ್ಪು ಎಲ್ಲಿಂದ? ಇಲ್ಲಿ ಮುಖ ತೋರಿಸಬೇಕಾದವನು ನಾನು’ ಎಂದ. ಅವನ ಮಾತಿನಲ್ಲಿ ಸತ್ಯವಿದೆ. ದೂರದಲ್ಲಿದ್ದು ಪ್ರಗತಿಪರರಾಗಿರುವ ನಮಗೆಲ್ಲ ಕೇಳಿಸಿಕೊಳ್ಳಬೇಕಾದ ಸತ್ಯ; ನಮ್ಮ ನ್ಯಾಯಪ್ರಜ್ಞೆಯ ಬೆಲೆಯನ್ನು ಸಾಮಾನ್ಯವಾಗಿ ಊರಿನಲ್ಲಿ ಉಳಿದವರು ತೆರುತ್ತಾರೆ. ಎರಡು ತಿಂಗಳು ಆ ಫೋಟೋಗಳು ನನ್ನ ಫೋನಿನಲ್ಲೇ ಇದ್ದವು. ಈ ಅವಧಿಯಲ್ಲಿ ನಾನು ಎರಡು ಸಲ ಡಾರ್ಚೆಸ್ಟರಿಗೆ ಹೋಗಿ ಸೈಕಲ್ ತುಳಿದೆ. ಎರಡನೆಯ ಸಲ ಫಲಕ ಓದಲು ನನಗೆ ಆಗಲಿಲ್ಲ.

ಕಳೆದ ತಿಂಗಳು ಆ ಪುಟಗಳನ್ನು ಅವರ ಮಗಳಿಗೆ ಕಳುಹಿಸಿದೆ. ಅವಳ ಅರ್ಜಿ ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಯ ಮುಂದಿದೆ; ಏನಾಗುತ್ತದೋ ಗೊತ್ತಿಲ್ಲ. ಅಣ್ಣ ನನ್ನ ಫೋನ್ ಎತ್ತುತ್ತಿಲ್ಲ. ಸೊಪ್ಪಿನ ಬಗ್ಗೆ ಅವನು ಕೇಳಿದ ಪ್ರಶ್ನೆಗೆ ನನ್ನಲ್ಲಿ ಇನ್ನೂ ಉತ್ತರವಿಲ್ಲ, ಅದನ್ನು ಅವನ ಜೊತೆ ಕುಳಿತೇ ಹುಡುಕಬೇಕು.

ಈ ಸಭೆಯಲ್ಲಿ ನನ್ನಂಥ ಮನೆಗಳಿಂದ ಬಂದವರು ಅನೇಕರಿದ್ದೀರಿ. ಮಲೆನಾಡಿನ ತೋಟ, ಬಯಲುಸೀಮೆಯ ಗೌಡಿಕೆ, ಕರಾವಳಿಯ ಗೇಣಿ. ಮುಂದಿನ ಸಲ ಊರಿಗೆ ಹೋದಾಗ ಅಟ್ಟ ಹತ್ತಿ ನೋಡಿ ಎಂಬುದಷ್ಟೇ ನನ್ನ ಕೋರಿಕೆ. ಗೆದ್ದಲು ಹಿಡಿಯುವ ಮೊದಲು, ರದ್ದಿಗೆ ಹಾಕುವ ಮೊದಲು. ಆ ಕಾಗದದಲ್ಲಿ ಬೇರೆಯವರ ಹೆಸರುಗಳಿರುತ್ತವೆ, ಅವು ಅವರಿಗೆ ಸೇರಿದ್ದು. ಹಾಗೆಯೇ ಡಾರ್ಚೆಸ್ಟರಿಗೆ ಸೈಕಲ್ಲಿನಲ್ಲಿ ಬರುವವರಿದ್ದರೆ ನನಗೆ ಹೇಳಿ. ಅಕ್ಟೋಬರಿನಲ್ಲಿ ಸೊಳ್ಳೆ ಕಡಿಮೆ, ಬೆಳಗಿನ ಗಾಳಿಯೂ ಅಷ್ಟೊಂದು ಜೋರಿರುವುದಿಲ್ಲ.